ಟುಟಾಂಖಾಮುನ್ ಶಾಪ: ನಿಜಕ್ಕೂ ತಟ್ಟಿದ್ದು ಯಾರಿಗೆ?

ಮತ್ತೆ ಅದೇ ವಿಡಿಯೋ ವಾಟ್ಸಾಪ್ ತುಂಬಾ ಓಡಾಡುತ್ತಿದೆ. "ಮಮ್ಮಿ ಮುಟ್ಟಿದವರೆಲ್ಲ ಒಬ್ಬೊಬ್ಬರಾಗಿ ಸತ್ತರು" ಅಂತ. ಕಳಿಸಿದವರಿಗೆಲ್ಲ ಬೇರೆಬೇರೆ ಉತ್ತರ ಕೊಡುವ ಬದಲು ಇಲ್ಲೇ ಬರೆದುಬಿಡುತ್ತೇನೆ.

1922ರ ನವೆಂಬರ್‌ನಲ್ಲಿ ಈಜಿಪ್ಟಿನ ರಾಜರ ಕಣಿವೆಯಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್ ಪ್ರಾಚೀನ ರಾಜ ಟುಟಾಂಖಾಮುನ್‌ನ ಗೋರಿ ಪತ್ತೆ ಮಾಡಿದ. ದುಡ್ಡು ಹಾಕಿದವನು ಲಾರ್ಡ್ ಕಾರ್ನಾರ್ವನ್. 1923ರ ಏಪ್ರಿಲ್ 5ರಂದು ಕಾರ್ನಾರ್ವನ್ ಕೈರೋದಲ್ಲಿ ತೀರಿಕೊಂಡ. ಕೆನ್ನೆಗೆ ಸೊಳ್ಳೆ ಕಚ್ಚಿತ್ತು. ಗಡ್ಡ ಬೋಳಿಸಿಕೊಳ್ಳುವಾಗ ಅದೇ ಜಾಗಕ್ಕೆ ಬ್ಲೇಡು ತಾಗಿ ನಂಜೇರಿತು, ಕೊನೆಗೆ ನ್ಯುಮೋನಿಯಾ. ಪೆನಿಸಿಲಿನ್ ಇಲ್ಲದ ಕಾಲ. ಹಳೆಯ ಕಾರ್ ಅಪಘಾತದಿಂದ ಅವನ ಆರೋಗ್ಯ ಮೊದಲೇ ಹದಗೆಟ್ಟಿತ್ತು. ಇಷ್ಟೇ.

ಆದರೆ ಅದಕ್ಕೂ ಮುಂಚೆ ಆತ ಇನ್ನೊಂದು ಕೆಲಸ ಮಾಡಿದ್ದ. ಗೋರಿಯ ಸುದ್ದಿಯನ್ನು ಲಂಡನ್ನಿನ ಟೈಮ್ಸ್ ಪತ್ರಿಕೆಯೊಂದಕ್ಕೇ 5,000 ಪೌಂಡಿಗೆ ಮಾರಿದ್ದ, ಮೇಲೆ ಲಾಭದಲ್ಲಿ ಪಾಲು. ಈಜಿಪ್ಟಿನ ಪತ್ರಕರ್ತರು ತಮ್ಮದೇ ರಾಜನ ಸುದ್ದಿಗೆ ಲಂಡನ್ ಪೇಪರಿನ ಮುಖ ನೋಡಬೇಕಾಯಿತು. ಉಳಿದ ವರದಿಗಾರರಿಗೆ ಒಳಗೆ ಪ್ರವೇಶವಿಲ್ಲ, ಕಾಲಂ ಮಾತ್ರ ತುಂಬಬೇಕು. ಅಂಥ ಹೊತ್ತಲ್ಲಿ ಧಣಿಯೇ ಸತ್ತರೆ ಬಿಡುತ್ತಾರಾ? "ಮುಟ್ಟಿದವನಿಗೆ ಸಾವು ರೆಕ್ಕೆ ಕಟ್ಟಿಕೊಂಡು ಬರುತ್ತದೆ" ಎನ್ನುವ ಬರಹ ಆ ಗೋರಿಯಲ್ಲಿ ಎಲ್ಲೂ ಇಲ್ಲ. ಅದು ಪೇಪರಿನವರ ಸೃಷ್ಟಿ.

ಮೊದಲು ಒಳಗೆ ಹೋದವರಲ್ಲಿ ಒಬ್ಬಳಾದ ಕಾರ್ನಾರ್ವನ್‌ನ ಮಗಳು ಎವೆಲಿನ್ 1980ರವರೆಗೆ ಬದುಕಿದ್ದಳು. ಮಮ್ಮಿಗೆ ಚಾಕು ಹಾಕಿದ ಡಾ. ಡಗ್ಲಾಸ್ ಡೆರಿ 1961ರವರೆಗೆ. 2002ರಲ್ಲಿ ಮಾರ್ಕ್ ನೆಲ್ಸನ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಲೆಕ್ಕವನ್ನೇ ತೆಗೆದರು: ಆಗ ಅಲ್ಲಿದ್ದ 44 ಪಾಶ್ಚಾತ್ಯರಲ್ಲಿ 25 ಮಂದಿ ಶಾಪದ ವ್ಯಾಪ್ತಿಗೆ ಬರುವವರು. ಅವರ ಆಯಸ್ಸಿಗೂ ಶಾಪಕ್ಕೂ ಸಂಬಂಧ ಸಿಗಲಿಲ್ಲ.

ಗಮನಿಸಿ, ಪಾಶ್ಚಾತ್ಯರು. ನನಗೆ ಸಿಟ್ಟು ಬರುವುದು ಇಲ್ಲೇ. ಶಾಪವನ್ನು ನಂಬುವವರೂ ಬಿಳಿಯರ ಹೆಣ ಎಣಿಸುತ್ತಾರೆ, ಅಲ್ಲಗಳೆಯುವವರೂ ಅವರನ್ನೇ ಎಣಿಸುತ್ತಾರೆ. ಅಗೆದವರು ಯಾರು ಹಾಗಾದರೆ? ಮೇಸ್ತ್ರಿ ಅಹ್ಮದ್ ಗೆರಿಗರ್ ಮತ್ತವನ ಆಳುಗಳು. 1923ರ ಮೇನಲ್ಲಿ ಗೋರಿಯ ವಸ್ತುಗಳಿದ್ದ ಪೆಟ್ಟಿಗೆಗಳನ್ನು ನೈಲ್ ದಡಕ್ಕೆ ಸಾಗಿಸಬೇಕಿತ್ತು. ಟ್ರಾಲಿ ಇತ್ತು, ಪೂರ್ತಿ ದಾರಿಗೆ ಸಾಲುವಷ್ಟು ಹಳಿ ಇರಲಿಲ್ಲ. ಟ್ರಾಲಿ ದಾಟಿದ ಮೇಲೆ ಹಿಂದಿನ ಹಳಿ ಕಿತ್ತು, ಹೊತ್ತು ತಂದು, ಮುಂದೆ ಜೋಡಿಸಿ ಮತ್ತೆ ತಳ್ಳುವುದು. ಕಬ್ಬಿಣ ಮುಟ್ಟಲಾಗದಷ್ಟು ಕಾದಿತ್ತು. ಇಂಥ ಬಿಸಿಲಲ್ಲಿ ದುಡಿದವರಿಗೆ ಶಾಪ ತಟ್ಟಿತೋ ಇಲ್ಲವೋ ಅಂತ ಯಾವ ಪೇಪರೂ ಕೇಳಲಿಲ್ಲ.

ಇನ್ನು ಟುಟಾಂಖಾಮುನ್ ಎಂಬ ಆ ಹುಡುಗನ ಕಥೆ. ಹುಡುಗನೇ ಅನ್ನಬೇಕು, ಸತ್ತಾಗ ವಯಸ್ಸು ಸುಮಾರು 19. ಹೂಳುವಾಗ ಸುರಿದಿದ್ದ ರಾಳ ಗಟ್ಟಿಯಾಗಿ, ಮೈ ಶವಪೆಟ್ಟಿಗೆಗೆ, ಮುಖ ಚಿನ್ನದ ಮುಖವಾಡಕ್ಕೆ ಅಂಟಿಬಿಟ್ಟಿತ್ತು. 1925ರಲ್ಲಿ ಬಿಸಿಲಿಗಿಟ್ಟು ನೋಡಿದರು, ಕರಗಲಿಲ್ಲ. ಕಾದ ಚಾಕುವಿನಿಂದ ಬಿಡಿಸಿದರು. ತಲೆ ಬೇರೆಯಾಯಿತು, ಕೈಕಾಲು ಬೇರೆಯಾದವು. ಆಮೇಲೆ ಎಲ್ಲವನ್ನೂ ಮರಳು ತುಂಬಿದ ತಟ್ಟೆಯಲ್ಲಿ ಜೋಡಿಸಿ ವಾಪಸ್ ಇಟ್ಟರು. 1968ರಲ್ಲಿ ಎಕ್ಸ್‌ರೇ ತೆಗೆಯಲು ಹೋದವರಿಗೆ ಕಂಡಿದ್ದು ಈ ತುಂಡುಗಳು. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ ಅಂತ ಕಾರ್ಟರ್ ಪರವಾಗಿ ಹೇಳುವವರಿದ್ದಾರೆ. ಇರಬಹುದು. ಆದರೂ ಆ ಚಿನ್ನದ ಮುಖವಾಡದ ಫೋಟೋ ಎಲ್ಲರ ಮೊಬೈಲಲ್ಲಿದೆ, ಅದನ್ನು ಹೇಗೆ ಬಿಡಿಸಿದರು ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು ವಿಷಯ. ಕಾರ್ಟರ್ ಒಂದು ತಾಯಿತವನ್ನು ವಿದ್ವಾಂಸ ಅಲನ್ ಗಾರ್ಡಿನರ್‌ಗೆ ಕೊಟ್ಟಿದ್ದ, ಗೋರಿಯದ್ದಲ್ಲ ಅಂತ ಭರವಸೆಯನ್ನೂ ಕೊಟ್ಟಿದ್ದ. ಗಾರ್ಡಿನರ್ ಅದನ್ನು ಕೈರೋ ಮ್ಯೂಸಿಯಂನವರಿಗೆ ತೋರಿಸಿದ. ಗೋರಿಯಿಂದ ಕದ್ದದ್ದೇ, ಸಂಶಯವಿಲ್ಲ ಅಂದರು. ಇದನ್ನು ಗಾರ್ಡಿನರ್ 1934ರಲ್ಲಿ ಕಾರ್ಟರ್‌ಗೆ ಪತ್ರ ಬರೆದು ತಿಳಿಸಿದ. ಆ ಪತ್ರ ಬೆಳಕಿಗೆ ಬಂದಿದ್ದು 2022ರಲ್ಲಿ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಅಂತೂ ಇದೇ ಗೋರಿಯ 19 ಸಣ್ಣ ವಸ್ತುಗಳನ್ನು ಈಜಿಪ್ಟಿಗೆ ಹಿಂತಿರುಗಿಸುತ್ತೇವೆ ಅಂತ 2010ರಲ್ಲೇ ಒಪ್ಪಿಕೊಂಡಿತ್ತು. ವಿಡಿಯೋ ಮಾಡುವವರು ಸುಮ್ನೆ ಸೊಳ್ಳೆ ಹಿಂದೆ ಬೀಳುವ ಬದಲು ಇದನ್ನಾದರೂ ಹೇಳಬಹುದಿತ್ತು.