ಪೂರ್ತಿ ಹುಷಾರಾಗೋವರೆಗೂ ಕಾಯಬೇಕಾ?

ಇಂಗ್ಲೆಂಡಿನ ನಮ್ಮ ಆಫೀಸಿಗೆ ಹೊಸಬನೊಬ್ಬ ಸೇರಿದ್ದಾನೆ. ತನಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದೆ ಅಂತ ಅವನೇ ಹೇಳಿಕೊಂಡ. ರಾತ್ರಿ ಮಾತ್ರೆಯಿಂದ ಬೆಳಿಗ್ಗೆ ಮಂಪರು ಇರುತ್ತೆ, ಹಾಗಾಗಿ ಅವನ ಕೆಲಸ ಶುರುವಾಗೋದು ಹನ್ನೊಂದಕ್ಕೆ. ಈ ಸಮಯ ಮಾತಾಡಿ ಕೊಡಿಸಿದ್ದು ಅವನ ಡಾಕ್ಟರ್ ತಂಡದಲ್ಲೇ ಇರುವ ಉದ್ಯೋಗ ಸಲಹೆಗಾರ್ತಿ. "ಅವನು ಬರದಿದ್ರೆ ಏನು ಮಾಡಲಿ?" ಅಂತ ಮ್ಯಾನೇಜರ್ ಕೇಳಿದರು. "ಬೇರೆ ಯಾರಾದರೂ ಬರದಿದ್ರೆ ಏನು ಮಾಡ್ತೀರೋ ಅದನ್ನೇ ಮಾಡಿ. ಆಮೇಲೆ ನನಗೆ ಫೋನ್ ಮಾಡಿ" ಅಂದಳು.

ಅದೇ ವಾರ ಊರಿಗೆ ಫೋನ್ ಮಾಡಿದ್ದೆ. ನಮ್ಮ ಚಿಕ್ಕಪ್ಪನ ಮಗನಿಗೂ ಇದೇ ಕಾಯಿಲೆ. ಬಿಕಾಂ ಓದಿದವನು, ಟ್ಯಾಲಿ ಚೆನ್ನಾಗಿ ಬರುತ್ತೆ. ಈಗ ಇಂಥ ಕಾಯಿಲೆಯವರ ಡೇ ಕೇರ್ ಕೇಂದ್ರದಲ್ಲಿ ಕೂತು ಪೇಪರ್ ಕವರ್ ಅಂಟಿಸುತ್ತಾನೆ. "ಕೆಲಸ ಗಿಲಸ ಆಮೇಲೆ, ಮೊದಲು ಪೂರ್ತಿ ಹುಷಾರಾಗಲಿ" ಅಂದರು ಮನೆಯವರು. ಹೊಟ್ಟೆಯಲ್ಲಿ ಸಂಕಟವಾಯಿತು. ಸಕ್ಕರೆ ಕಾಯಿಲೆಯವರಿಗೆ ಯಾರೂ ಹೀಗೆ ಹೇಳಲ್ಲ, ಅಲ್ವಾ?

ಇಲ್ಲಿ ಇಂಗ್ಲೆಂಡಿನಲ್ಲಿ ನನ್ನ ಸಹೋದ್ಯೋಗಿಗೆ ಸಿಕ್ಕಿದ್ದು ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್ ಅನ್ನೋ ಪದ್ಧತಿಯ ನೆರವು, ಅಂದರೆ ಮಾನಸಿಕ ಕಾಯಿಲೆ ಇರುವವರಿಗೆ ಕೆಲಸ ಹುಡುಕಿಕೊಟ್ಟು ಜೊತೆಗೆ ನಿಲ್ಲೋದು. 1990ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೆಳೆದದ್ದು. ಕೆಲಸ ಮೊದಲು, ಕಲಿಕೆ ಅಲ್ಲೇ. ದುಡಿಯೋ ಆಸೆ ಇದ್ದರೆ ಸಾಕು, ಬೇರೆ ಅರ್ಹತೆ ಕೇಳಲ್ಲ. ಸುಮಾರು ಒಂದು ತಿಂಗಳೊಳಗೆ ಹುಡುಕಾಟ ಶುರುವಾಗಬೇಕು. ಒಬ್ಬ ಸಲಹೆಗಾರರಿಗೆ 20 ಜನಕ್ಕಿಂತ ಜಾಸ್ತಿ ಕೊಡಬಾರದು. ಕೆಲಸ ಸಿಕ್ಕ ಮೇಲೂ ಕೈ ಬಿಡುವಂತಿಲ್ಲ. ನನ್ನ ಪ್ರಕಾರ ಇದೇ ಮುಖ್ಯ. ಕೆಲಸ ಸಿಗೋದು ಕಷ್ಟ ನಿಜ. ಆದರೆ ಮೂರನೇ ತಿಂಗಳಲ್ಲಿ ನಿದ್ದೆ ಕೆಟ್ಟು, ಯಾರದೋ ಒಂದು ಮಾತಿಗೆ ಬೇಜಾರಾಗಿ, ನಾಳೆಯಿಂದ ಹೋಗಲ್ಲ ಅನ್ನುವ ದಿನ ಬರುತ್ತಲ್ಲ, ಆಗ ಒಬ್ಬರು ಜೊತೆಗಿರಬೇಕು.

ನಮ್ಮ ಭಾರತದಲ್ಲಿ ಕಾನೂನು ಇಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸರ್ಕಾರಿ ಕೆಲಸದ 4% ಮೀಸಲಾತಿಯಲ್ಲಿ 1% ಪಾಲನ್ನು ಇವರು ಆಟಿಸಂ, ಬೌದ್ಧಿಕ ಅಂಗವೈಕಲ್ಯ ಮುಂತಾದವು ಇರುವವರ ಜೊತೆ ಹಂಚಿಕೊಳ್ಳಬೇಕು. ಅದಕ್ಕೂ 40% ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು. ಖಾಸಗಿ ಅಂಗಡಿ, ಆಫೀಸುಗಳ ಬಾಗಿಲು ತಟ್ಟುವವರು ಯಾರು?

ಒಪ್ಪಿಕೊಳ್ಳಬೇಕಾದ್ದೂ ಇದೆ. ಇಲ್ಲಿನ ನನ್ನ ಸಹೋದ್ಯೋಗಿ ಸಂಜೆ ಹೋಗೋದು ಖಾಲಿ ಮನೆಗೆ. ನಮ್ಮ ಹುಡುಗನಿಗೆ ಮಾತ್ರೆ ಎಣಿಸಿಕೊಡುವ ಅಮ್ಮ ಇದ್ದಾಳೆ. "ಅವರ ಮನೆ ಹುಡುಗ" ಅಂತ ಕಾಗದಪತ್ರ ಕೇಳದೆ ಕೆಲಸ ಕೊಡುವ ಅಂಗಡಿಯವರೂ ನಮ್ಮಲ್ಲಿದ್ದಾರೆ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆ ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಕೂಡ ಇದೆ. ಅಲ್ಲಿ ಡಾಕ್ಟರ ಪಕ್ಕದಲ್ಲಿ ಕೆಲಸ ಹುಡುಕಿಕೊಡುವವರೊಬ್ಬರನ್ನು ಕೂರಿಸಲಿ. ಕುಟುಂಬದವರನ್ನೂ ಆ ಮಾತುಕತೆಗೆ ಕರೆಯಲಿ.