ಖಾಲಿಯಾದ ಗೂಡು ಮತ್ತು ನಾಟಿ ಹುಂಜ

ಕಡಕ್‌ನಾಥ್, ಅಸೀಲ್‌ಗಳ ಹಾಗೆ ‘ನಾಟಿ ಕೋಳಿ’ ಎಂಬುದೂ ಒಂದು ತಳಿಯ ಹೆಸರೆಂದು ಅನೇಕರು ತಿಳಿದಿದ್ದಾರೆ. ನಿಜಕ್ಕೂ ಅದು ಆಯಾ ಊರಿನ ಬಿಸಿಲು, ಮಳೆ, ಹದ್ದು, ಮುಂಗುಸಿಗಳ ನಡುವೆ ತಲೆಮಾರುಗಳಿಂದ ಉಳಿದುಬಂದ ಬೆರಕೆ ಸಂತತಿ. ಆ ಬೆರಕೆಯೇ ಅದರ ಬಲ.

ನಮ್ಮ ದೊಡ್ಡಮ್ಮನ ಹಿತ್ತಿಲಲ್ಲಿ ಬೋಳು ಕತ್ತಿನ ಹೇಂಟೆಯೊಂದಿತ್ತು. ಚಿಕ್ಕವರಾಗಿದ್ದ ನಾವು ಅದಕ್ಕೆ ಕಜ್ಜಿ ಹಿಡಿದಿದೆ ಎಂದುಕೊಂಡು ದೂರ ಸರಿಯುತ್ತಿದ್ದೆವು. ಪುಕ್ಕವನ್ನು ಕಡಿಮೆ ಮಾಡುವ ಒಂದೇ ಒಂದು ವಂಶವಾಹಿಯಿಂದ ಆ ರೂಪ ಬರುತ್ತದೆಂದೂ, ಮೈಯ ಬಿಸಿ ಬೇಗ ಹೊರಹೋಗುವುದರಿಂದ ಸುಡುಬೇಸಿಗೆಯನ್ನು ಅಂಥ ಕೋಳಿಗಳು ಚೆನ್ನಾಗಿ ತಾಳಿಕೊಳ್ಳುತ್ತವೆಂದೂ ತಿಳಿದದ್ದು ಬಹಳ ವರ್ಷಗಳ ಮೇಲೆ. ರಾಗಿಹುಲ್ಲು ಹಾಸಿದ ಹಳೆಯ ಮಂಕರಿಯಲ್ಲಿ ಅದು ಕಾವಿಗೆ ಕೂತರೆ 21 ದಿನವೂ ಹತ್ತಿರ ಹೋದವರ ಕೈ ಕುಟುಕದೆ ಬಿಡುತ್ತಿರಲಿಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆಂಬ ಕಾರಣಕ್ಕೆ, ವರ್ಷಕ್ಕೆ 300ರ ಆಸುಪಾಸು ಮೊಟ್ಟೆಯಿಡುವ ಫಾರಂ ಕೋಳಿಗಳಲ್ಲಿ ಈ ಗುಣವನ್ನು ಆಯ್ಕೆ ಮಾಡಿ ಮಾಡಿ ಬಹುಮಟ್ಟಿಗೆ ಅಳಿಸಲಾಗಿದೆ. ಇನ್‌ಕ್ಯುಬೇಟರ್ ಇಲ್ಲದ ಹಳ್ಳಿಮನೆಯಲ್ಲಿ ಕಾವಿಗೆ ಕೂರುವ ಈ ಗುಣ ಹೋದರೆ ಪ್ರತಿ ಸಲವೂ ಮರಿಗಳನ್ನು ದುಡ್ಡು ಕೊಟ್ಟೇ ತರಬೇಕು.

ನಾಟಿ ಕೋಳಿಗೆ ರೋಗವೇ ಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊಕ್ಕರೆ ರೋಗ (ರಾಣಿಖೇತ್) ಹೊಕ್ಕರೆ ವಾರದೊಳಗೆ ಗೂಡು ಖಾಲಿ. ದೊಡ್ಡಮ್ಮನ ಹೇಂಟೆಯೂ ಹೋದದ್ದು ಹಾಗೆಯೇ. ತಳಿವೈವಿಧ್ಯಕ್ಕೆ ಪೆಟ್ಟು ಬೀಳುವುದು ಅದರ ಮರುತಿಂಗಳು, ಏಕೆಂದರೆ ಆ ಗೂಡು ತುಂಬಲು ಸುಲಭವಾಗಿ ಸಿಗುವುದು ಸುಧಾರಿತ ತಳಿಗಳಾದ ಗಿರಿರಾಜ ಅಥವಾ ವನರಾಜದ ಮರಿಗಳು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜವನ್ನು ನಾನು ಹಳಿಯುತ್ತಿಲ್ಲ. ಬೇಗ ತೂಕ ಬರುವ ಆ ಕೋಳಿಯಿಂದ ಎಷ್ಟೋ ಮನೆಗಳು ನಾಲ್ಕು ಕಾಸು ಕಂಡಿವೆ. ಆದರೆ ಅದರ ಒಂದು ಹುಂಜ ಬೀದಿಗೆ ಬಂದರೆ ಅಕ್ಕಪಕ್ಕದ ಹಲವು ಹೇಂಟೆಗಳ ಮರಿಗಳಿಗೆ ಅದೇ ತಂದೆ. ನಾಟಿ ಹುಂಜವಾದರೋ ಹರಕೆಗೋ ಹಬ್ಬದ ಸಾರಿಗೋ ಎಲ್ಲಕ್ಕಿಂತ ಮೊದಲು ಸಲ್ಲುತ್ತದೆ, ಅದೂ ಇರುವುದರಲ್ಲಿ ಗಟ್ಟಿಮುಟ್ಟಾದದ್ದೇ.

ಹೀಗಾಗಿ, ಮಧ್ಯಪ್ರದೇಶದ ಕಡಕ್‌ನಾಥ್ ತಂದು ಸಾಕಿ ದೇಸಿ ತಳಿ ಉಳಿಸಿದೆವೆಂದು ಫೋಟೊ ಹಾಕುವವರಿಗೆ ನಾನು ಹೇಳುವುದಿಷ್ಟು: ಊರಿನ ಕೋಳಿಗಳಿಗೆ ಮೊದಲು ಕೊಕ್ಕರೆ ರೋಗದ ಲಸಿಕೆ ಹಾಕಿಸಿ. ಒಳ್ಳೆಯ ನಾಟಿ ಹುಂಜವೊಂದನ್ನು ಕೊಯ್ಯದೆ ಇಟ್ಟುಕೊಂಡು, ಒಂದೇ ರಕ್ತದವು ಮತ್ತೆ ಮತ್ತೆ ಕೂಡದಂತೆ ಒಂದೆರಡು ವರ್ಷಕ್ಕೊಮ್ಮೆ ಪಕ್ಕದ ಊರಿನ ನಾಟಿ ಹುಂಜದೊಂದಿಗೆ ಅದಲುಬದಲು ಮಾಡಿಕೊಳ್ಳಿ. ಗಿರಿರಾಜ ಸಾಕುವವರು ಅದರ ಹುಂಜಗಳನ್ನು ಕೂಗುವ ವಯಸ್ಸಿಗೆ ಮುನ್ನವೇ ಮಾರಿಬಿಡಲಿ.

ಕಳೆದ ಬೇಸಿಗೆಯಲ್ಲಿ ಬೋಳು ಕತ್ತಿನ ಹುಂಜವೊಂದಕ್ಕಾಗಿ ಮೂರು ಊರು ಸುತ್ತಿದೆ. ಕೊನೆಗೆ ಒಂದು ಕಣ್ಣಿಗೆ ಬಿತ್ತು. ಮಾರಮ್ಮನಿಗೆ ಬಿಟ್ಟದ್ದೆಂದು ಆ ಮನೆಯವರು ಕೊಡಲಿಲ್ಲ.