ಇಂಗಾಲಕ್ಕೆ ಬೆಲೆ ಕಟ್ಟಿದರೆ ನಮ್ಮ ಸೀಮೆಗೆ ಒಳಿತೇ?

ಪರ

ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತೆಗೆಯುವಾಗ ಸುಮಾರು 900 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕಲ್ಲಿದ್ದಲಿನ ದರ, ರೈಲು ಬಾಡಿಗೆ, ಸಾಲದ ಬಡ್ಡಿ ಎಲ್ಲವೂ ವಿದ್ಯುತ್ ದರದೊಳಗೆ ಬರುತ್ತವೆ. ಈ 900 ಗ್ರಾಂ ಮಾಡುವ ಹಾನಿ ಮಾತ್ರ ಬರುವುದಿಲ್ಲ, ಅದನ್ನು ಮಳೆ ತಪ್ಪಿದ ವರ್ಷ ಇಂಡಿಯ ನಿಂಬೆ ಬೆಳೆಗಾರನಂಥವರು ಹೊರುತ್ತಾರೆ. ಅನ್ಯರ ಮೇಲೆ ಬೀಳುವ ಇಂಥ ವೆಚ್ಚವನ್ನು ತೆರಿಗೆಯ ಮೂಲಕ ಉತ್ಪಾದಕನಿಗೇ ಹೊರಿಸಬೇಕೆಂಬ ವಾದವನ್ನು ಅರ್ಥಶಾಸ್ತ್ರಜ್ಞ ಎ.ಸಿ. ಪಿಗು 1920ರಲ್ಲೇ ಮುಂದಿಟ್ಟಿದ್ದರು.

ಈ ತೆರಿಗೆ ಇಂಗಾಲದ ಡೈಆಕ್ಸೈಡಿನ ಟನ್ನಿಗೆ 1,000 ರೂಪಾಯಿ ಎಂದಿಟ್ಟುಕೊಂಡರೆ ಯೂನಿಟ್ಟಿಗೆ 90 ಪೈಸೆಯಾಗುತ್ತದೆ. ಆಗ ವಿದ್ಯುತ್ ಕಂಪನಿಗಳಿಗೆ ಸೌರ ವಿದ್ಯುತ್ತು, ಮುಧೋಳ–ಜಮಖಂಡಿಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ತೆಗೆಯುವ ವಿದ್ಯುತ್ತು ಹೋಲಿಕೆಯಲ್ಲಿ ಅಗ್ಗವಾಗುತ್ತವೆ. ಯಾರು ಏನು ಮಾಡಬೇಕೆಂದು ಸರ್ಕಾರ ಅಪ್ಪಣೆ ಕೊಡಬೇಕಾಗಿಲ್ಲ. ಬೆಳಗಾವಿಯ ಫೌಂಡ್ರಿ ಮಾಲೀಕರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳುತ್ತಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯ ಪ್ರಾಂತ್ಯ 2008ರಲ್ಲಿ ಇಂಥ ತೆರಿಗೆ ಹಾಕಿದಾಗ ಆದಾಯ ತೆರಿಗೆಯನ್ನು ಇಳಿಸಿ ಹಣವನ್ನು ಜನರಿಗೆ ಮರಳಿಸಿತು. ಅಲ್ಲದೆ, 2026ರಿಂದ ಯುರೋಪಿಯನ್ ಒಕ್ಕೂಟ ಆಮದಾಗುವ ಉಕ್ಕು, ಅಲ್ಯೂಮಿನಿಯಂಗಳ ಇಂಗಾಲಕ್ಕೆ ಶುಲ್ಕ ವಿಧಿಸುತ್ತಿದ್ದು, ಇಲ್ಲಿ ಕಟ್ಟಿದಷ್ಟು ಬೆಲೆಯನ್ನು ಅಲ್ಲಿ ಕಡಿತ ಮಾಡಲಾಗುತ್ತದೆ. ಕಟ್ಟಲೇಬೇಕಾದ ಹಣ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸಿಗೆ ಹೋಗುವುದಕ್ಕಿಂತ ಇಲ್ಲಿಯೇ ಉಳಿಯಲಿ.

ವಿರೋಧ

ಬೆಲೆಯ ಸಂದೇಶ ಬಳಕೆದಾರನಿಗೆ ತಲುಪಿದರೆ ತಾನೆ ಬಳಕೆ ತಗ್ಗುವುದು? ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ, ಮನೆಗೆ ಗೃಹಜ್ಯೋತಿಯಿದೆ. ಆ 90 ಪೈಸೆಯ ಹೊರೆ ರಾಜ್ಯದ ಬೊಕ್ಕಸದ ಮೇಲೆ ಬೀಳುತ್ತದೆಯೇ ಹೊರತು ಮೋಟಾರು ಒಂದು ಗಂಟೆ ಮೊದಲು ನಿಲ್ಲುವುದಿಲ್ಲ.

ಬೆಲೆ ನೇರವಾಗಿ ತಟ್ಟುವುದು ಬೇರೆ ಕಡೆ. ಅದೇ ದರದಲ್ಲಿ ಲೀಟರ್ ಡೀಸೆಲ್ಲಿಗೆ ಸುಮಾರು 2 ರೂಪಾಯಿ 70 ಪೈಸೆ ಏರಿ, ಕಬ್ಬಿನ ಟ್ರ್ಯಾಕ್ಟರ್ ಬಾಡಿಗೆ ಹೆಚ್ಚುತ್ತದೆ. ಸಿಮೆಂಟಿನ ಕಷ್ಟ ಇನ್ನೂ ಆಳವಾದುದು. ಬಾಗಲಕೋಟೆ ಜಿಲ್ಲೆಯ ಕಾರ್ಖಾನೆಗಳಲ್ಲಿ ಸುಣ್ಣದಕಲ್ಲು ಸುಡುವಾಗ ಇಂಗಾಲ ಬರುವುದು ಉರುವಲಿನಿಂದಷ್ಟೇ ಅಲ್ಲ, ಆ ಕಲ್ಲಿನೊಳಗಿನಿಂದಲೂ. ಉರುವಲು ಬದಲಿಸಿದರೂ ಅದು ನಿಲ್ಲದು. ಹಾಗಾಗಿ ತೆರಿಗೆಯ ಬಹುಪಾಲು ಸುಧಾರಣೆಯಾಗದೆ, ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಸುವವನ ಸಿಮೆಂಟ್ ಚೀಲದ ದರವಾಗಿಬಿಡುತ್ತದೆ.

ತೆರಿಗೆಯ ಹಣ ಹೇಳಿದ ಕಡೆಗೇ ಹೋಗುತ್ತದೆಂಬ ಭರವಸೆಯನ್ನು ನಾವು ಒಮ್ಮೆ ನೋಡಿದ್ದೇವೆ. ಶುದ್ಧ ಇಂಧನಕ್ಕೆಂದು 2010ರಲ್ಲಿ ಕಲ್ಲಿದ್ದಲಿನ ಟನ್ನಿಗೆ 50 ರೂಪಾಯಿ ಸೆಸ್ (ಒಂದು ಉದ್ದೇಶಕ್ಕೆಂದೇ ಹಾಕುವ ತೆರಿಗೆ) ಬಂತು, 2016ರ ಹೊತ್ತಿಗೆ ಅದು 400 ರೂಪಾಯಿಯಾಯಿತು, 2017ರಲ್ಲಿ ಅದರ ಜಾಗಕ್ಕೆ ರಾಜ್ಯಗಳ ಜಿ.ಎಸ್.ಟಿ. ನಷ್ಟ ತುಂಬುವ ಸೆಸ್ ಬಂತು. ಬ್ರಿಟಿಷ್ ಕೊಲಂಬಿಯದ ದಾರಿಯೂ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ: ಕಬ್ಬು ಕಡಿಯುವ ಕೂಲಿಯವನು ಆದಾಯ ತೆರಿಗೆಯನ್ನೇ ಕಟ್ಟುವುದಿಲ್ಲವಾದ್ದರಿಂದ ಅವನಿಗೆ ಇಳಿಸಿಕೊಡಲು ಏನೂ ಇಲ್ಲ. ಗೃಹಲಕ್ಷ್ಮಿಯ ಹಾಗೆ ಖಾತೆಗೇ ಜಮೆಯಾಗುತ್ತದೆಂದು ಕಾಯ್ದೆಯಲ್ಲಿ ಬರೆಯುವವರೆಗೆ ಈ ತೆರಿಗೆಗೆ ಒಪ್ಪುವುದು ಕಷ್ಟ.